ಜೀನ್ ಕೆಲಸ ಮಾಡುತ್ತಿದ್ದರೂ ಕಿಡ್ನಿ ಸೋರುವುದೇಕೆ?

ಮಗುವಿನ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆ, ಸ್ಟೀರಾಯ್ಡ್ ಕೊಟ್ಟರೂ ನಿಲ್ಲುತ್ತಿಲ್ಲ ಅಂದಾಗ ನಾವು ಜೀನ್ ಪರೀಕ್ಷೆ ಮಾಡಿಸುತ್ತೇವೆ. ರಿಪೋರ್ಟ್ ಬಂದ ಮೇಲೆ ಅಪ್ಪ ಅಮ್ಮ ಕೇಳುತ್ತಾರೆ: 'ಅಂದ್ರೆ ಆ ಜೀನ್ ಕೆಲಸ ಮಾಡ್ತಿಲ್ವಾ ಡಾಕ್ಟ್ರೇ?' ಎಷ್ಟೋ ಸಲ ಅದು ಮಾಡುತ್ತಲೇ ಇರುತ್ತದೆ. ತೊಂದರೆ ಆಗುವುದು ಪ್ರೋಟೀನ್ ತಯಾರಾದ ಮೇಲೆ.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಗ್ಲೊಮೆರುಲಸ್‌ಗಳಿವೆ. ರಕ್ತ ಸೋಸುವ ಪುಟ್ಟ ರಕ್ತನಾಳದ ಗೊಂಚಲುಗಳಿವು. ಎಲ್ಲಾ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಈ ನಾಳಗಳನ್ನು ಹೊರಗಿನಿಂದ ಪೋಡೋಸೈಟ್ ಎಂಬ ಜೀವಕೋಶಗಳು ಅಪ್ಪಿಕೊಂಡಿರುತ್ತವೆ. ಅವುಗಳ ಸಣ್ಣ ಪಾದಗಳು ಎರಡೂ ಕೈಯ ಬೆರಳು ಹೆಣೆದ ಹಾಗೆ ಒಂದರ ಪಕ್ಕ ಒಂದು ಕೂತಿರುತ್ತವೆ. ನಡುವಿನ ಸಂದು ಸುಮಾರು 40 ನ್ಯಾನೋಮೀಟರ್, ಅಷ್ಟೇ.

ಆ ಸಂದಿನಲ್ಲಿರುವ ತೆಳು ಪರದೆಯ ಮುಖ್ಯ ಪ್ರೋಟೀನ್ ನೆಫ್ರಿನ್. ಹುಟ್ಟಿದ ಸ್ವಲ್ಪ ದಿನಕ್ಕೇ ಪ್ರೋಟೀನ್ ಸೋರುವ, ಫಿನ್‌ಲೆಂಡ್‌ನಲ್ಲಿ ಜಾಸ್ತಿ ಕಾಣುವ ಕಾಯಿಲೆಯ ಬೆನ್ನುಹತ್ತಿ 1998ರಲ್ಲಿ ಇದರ ಜೀನ್ ಪತ್ತೆಮಾಡಿದರು. ಈ ಪಾದದ ನೆಫ್ರಿನ್ ಆ ಪಾದದ ನೆಫ್ರಿನ್ ಅನ್ನು ಹಿಡಿದುಕೊಳ್ಳುತ್ತದೆ. ಅದನ್ನು ಜಾಗದಲ್ಲಿ ನಿಲ್ಲಿಸಲು ಒಳಗಿನಿಂದ ಪೋಡೋಸಿನ್ ಎಂಬ ಇನ್ನೊಂದು ಪ್ರೋಟೀನ್ ಬೇಕು. ಇದರ ಜೀನ್ ಸಿಕ್ಕಿದ್ದು 2000ದಲ್ಲಿ.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ. ಪೋಡೋಸಿನ್‌ನ ಸರದ 138ನೇ ಜಾಗದಲ್ಲಿ ಆರ್ಜಿನೈನ್ ಎಂಬ ಅಮೈನೋ ಆಮ್ಲದ ಬದಲು ಗ್ಲುಟಮಿನ್ ಬಂದರೆ ಏನಾಗುತ್ತದೆ ನೋಡಿ. ಜೀನ್ ಚಾಲೂ ಇದೆ, ಪ್ರೋಟೀನ್ ತಯಾರಾಗುತ್ತದೆ. ಆದರೆ ಸರಿಯಾಗಿ ಮಡಚಿಕೊಳ್ಳದೆ, ಅದು ತಯಾರಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಕೋಶದೊಳಗಿನ ಕಾರ್ಖಾನೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಪ್ರಯೋಗಾಲಯದ ಕೋಶಗಳಲ್ಲಿ ನೋಡಿದಾಗ ಅದು ನೆಫ್ರಿನ್ ಅನ್ನೂ ಹಿಡಿದಿಟ್ಟುಕೊಂಡಿತ್ತು! ನೆಫ್ರಿನ್ ಜೀನ್‌ನಲ್ಲಿ ಒಂದು ತಪ್ಪೂ ಇಲ್ಲ, ಆದರೂ ಅದು ಪರದೆಗೆ ಬಂದು ಸೇರಲಿಲ್ಲ.

ಹಾಗಾಗಿಯೇ ಯಾವ ಕೋಶದಲ್ಲಿ ಯಾವ ಜೀನ್‌ನ ಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀನ್‌ನಿಂದ ತೆಗೆದ ನಕಲು) ಎಷ್ಟಿದೆ ಅನ್ನುವ ಪಟ್ಟಿಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. ಉಪಯೋಗ ಇಲ್ಲ ಅಂತಲ್ಲ. ಪೋಡೋಸೈಟ್‌ನ ಎಷ್ಟೋ ಜೀನ್‌ಗಳನ್ನು ಚಾಲೂ ಮಾಡುವ ಡಬ್ಲ್ಯುಟಿ1 ಎಂಬ ಪ್ರೋಟೀನ್ ಕೈಕೊಟ್ಟರೆ ಅಂಥ ಪಟ್ಟಿಯಲ್ಲಿ ಗೊತ್ತಾಗುತ್ತದೆ. ಆದರೆ ಪ್ರೋಟೀನ್ ಎಲ್ಲಿ ಕೂತಿದೆ, ಯಾರ ಜೊತೆ ಕೂತಿದೆ ಅನ್ನುವುದಕ್ಕೆ ಬಯಾಪ್ಸಿಗೆ ಬಣ್ಣ ಹಾಕಿಯೇ ನೋಡಬೇಕು.

ಇದರ ಉಲ್ಟಾ ಕೂಡ ಉಂಟು. ಪ್ರೋಟೀನ್ ಸೋರುತ್ತಿದ್ದರೂ ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಕಿಡ್ನಿ ಹೆಚ್ಚುಕಡಿಮೆ ಸರಿಯಾಗೇ ಕಾಣುವ ಮಿನಿಮಲ್ ಚೇಂಜ್ ಕಾಯಿಲೆ ಇರುವ ಕೆಲವರ ರಕ್ತದಲ್ಲಿ ನೆಫ್ರಿನ್ ವಿರುದ್ಧವೇ ಆ್ಯಂಟಿಬಾಡಿ ಇರುವುದು 2022ರಲ್ಲಿ ವರದಿಯಾಯಿತು. ಅಲ್ಲಿ ಪರದೆ ಕೆಡಿಸುವುದು ರೋಗನಿರೋಧಕ ವ್ಯವಸ್ಥೆ. ಬಹುಶಃ ಅದಕ್ಕೇ, ಆ ವ್ಯವಸ್ಥೆಯನ್ನು ತಗ್ಗಿಸುವ ಸ್ಟೀರಾಯ್ಡ್ ಈ ಕಾಯಿಲೆಗೆ ಸಾಮಾನ್ಯವಾಗಿ ನಾಟುತ್ತದೆ. ಪೋಡೋಸಿನ್ ಜೀನ್‌ನ ಎರಡೂ ಪ್ರತಿ ಕೆಟ್ಟಿದ್ದರೆ ಸಾಮಾನ್ಯವಾಗಿ ನಾಟುವುದಿಲ್ಲ, ಸುಮ್ನೆ ಅಡ್ಡಪರಿಣಾಮ. ಅಂಥ ಮಕ್ಕಳಿಗೆ ಮುಂದೆ ಕಿಡ್ನಿ ಕಸಿ ಮಾಡಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಕಡಿಮೆ. ಹೊಸ ಕಿಡ್ನಿ ಬರುವುದು ದಾನಿಯ ಜೀನ್‌ಗಳ ಜೊತೆಗೇ ಅಲ್ವಾ?