ನ್ಯಾನೊ ಕೊಳವೆಯೂ ಅದರ ಹೊದಿಕೆಯೂ: ಸರ್ಫ್ಯಾಕ್ಟೆಂಟ್ ಸಿಮ್ಯುಲೇಶನ್ ಕುರಿತ ಅಧ್ಯಯನ ಟಿಪ್ಪಣಿ

ಇಂಗಾಲದ ಏಕಭಿತ್ತಿ (ಒಂದೇ ಪರಮಾಣು ಪದರದ ಗೋಡೆಯ) ನ್ಯಾನೊ ಕೊಳವೆಗಳನ್ನು ತಯಾರಿಸಿದಾಗ ಬೇರೆ ಬೇರೆ ವ್ಯಾಸದವು ಒಟ್ಟಿಗೇ ಸಿಗುತ್ತವೆ, ಮತ್ತು ಅವು ಒಂದಕ್ಕೊಂದು ಅಂಟಿ ಕಂತೆಗಟ್ಟಿರುತ್ತವೆ. ಸುಮಾರು 1.4 ನ್ಯಾನೊಮೀಟರ್ ವ್ಯಾಸದ ಎರಡು ಕೊಳವೆಗಳು ಉದ್ದಕ್ಕೂ ತಾಗಿಕೊಂಡರೆ, ಪ್ರತಿ ನ್ಯಾನೊಮೀಟರ್ ಉದ್ದಕ್ಕೆ ಬಂಧಶಕ್ತಿ ಸುಮಾರು 1 ಎಲೆಕ್ಟ್ರಾನ್ ವೋಲ್ಟ್. ಕೋಣೆಯ ಉಷ್ಣತೆಯಲ್ಲಿ ಲಭ್ಯವಿರುವ ಉಷ್ಣಶಕ್ತಿಯಾದರೋ ಅದರ ನಲವತ್ತನೆಯ ಒಂದು ಭಾಗದಷ್ಟು. ಆದ್ದರಿಂದ ಶ್ರವಣಾತೀತ ಧ್ವನಿಯಿಂದ ಕಂತೆಯನ್ನು ಬಿಡಿಸಿದ ಮೇಲೂ, ಅವು ಮತ್ತೆ ಕೂಡದಂತೆ ತಡೆಯಲು ಸರ್ಫ್ಯಾಕ್ಟೆಂಟ್, ಅಂದರೆ ಒಂದು ಭಾಗ ನೀರಿಗೂ ಇನ್ನೊಂದು ಭಾಗ ಕೊಳವೆಯ ಮೇಲ್ಮೈಗೂ ಒಲಿಯುವ ಸಾಬೂನಿನಂಥ ಅಣು, ಬೇಕೇ ಬೇಕು.

ಹೀಗೆ ಬಿಡಿಯಾದ ಕೊಳವೆಗಳನ್ನು ಮೇಲಿನಿಂದ ಕೆಳಕ್ಕೆ ಸಾಂದ್ರತೆ ಹೆಚ್ಚುತ್ತಾ ಹೋಗುವ ದ್ರವದಲ್ಲಿ ಅತಿವೇಗದ ಸೆಂಟ್ರಿಫ್ಯೂಜ್‌ನಿಂದ ತಿರುಗಿಸಿ ವ್ಯಾಸಕ್ಕನುಗುಣವಾಗಿ ಬೇರ್ಪಡಿಸುವ ವಿಧಾನವನ್ನು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ 2006ರಲ್ಲಿ ವಿವರವಾಗಿ ತೋರಿಸಿತು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಬರಿಯ ಕೊಳವೆಯ ಲೆಕ್ಕ ಹಾಕಿದರೆ, ಒಳಗಿನ ಟೊಳ್ಳು ಕಿರಿದಾಗಿರುವುದರಿಂದ ಸಣ್ಣ ಕೊಳವೆಯೇ ಹೆಚ್ಚು ಸಾಂದ್ರ: (6,5) ಕೊಳವೆಯ (ಈ ಜೋಡಿ ಅಂಕಿಗಳು ಕೊಳವೆಯ ರಚನೆಯನ್ನು ಗುರುತಿಸುವ ಹೆಸರು) ವ್ಯಾಸ ಸುಮಾರು 0.75 ನ್ಯಾನೊಮೀಟರ್, (10,10) ಕೊಳವೆಯದು ಸುಮಾರು 1.36. ಆದರೂ ಸೋಡಿಯಂ ಕೋಲೇಟ್ ಎಂಬ ಸರ್ಫ್ಯಾಕ್ಟೆಂಟ್ ಬಳಸಿದಾಗ ಸಣ್ಣವೇ ಮೇಲಿನ, ಅಂದರೆ ಕಡಿಮೆ ಸಾಂದ್ರತೆಯ ಪಟ್ಟಿಯಲ್ಲಿ ನಿಲ್ಲುತ್ತವೆ. ಏಕೆಂದರೆ ಸೆಂಟ್ರಿಫ್ಯೂಜ್‌ಗೆ ಸಿಗುವುದು ಕೊಳವೆ, ಸರ್ಫ್ಯಾಕ್ಟೆಂಟ್, ಅದಕ್ಕೆ ಹತ್ತಿಕೊಂಡ ನೀರು ಇವೆಲ್ಲ ಸೇರಿದ ಒಂದು ವಸ್ತು. ಹೊದಿಕೆಯ ದಪ್ಪ ಹೆಚ್ಚುಕಡಿಮೆ ಒಂದೇ ಆಗಿದ್ದರೆ, ಸಣ್ಣ ಕೊಳವೆಯ ಅಡ್ಡಕೊಯ್ತದಲ್ಲಿ ಈ ಹಗುರ ಹೊದಿಕೆಯದೇ ದೊಡ್ಡ ಪಾಲು.

ಆ ಹೊದಿಕೆಯ ಒಳರಚನೆಯನ್ನು ಪ್ರಯೋಗದಲ್ಲಿ ನೇರವಾಗಿ ನೋಡುವುದು ಕಷ್ಟವಾದ್ದರಿಂದಲೇ ಅಣುಚಲನೆಯ ಸಿಮ್ಯುಲೇಶನ್‌ಗೆ, ಅಂದರೆ ಅಣುಗಳ ಚಲನೆಯನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವುದಕ್ಕೆ, ಬೆಲೆ. ಕೊಳವೆಯ ಒಂದು ತುಂಡನ್ನು ಪೆಟ್ಟಿಗೆಯಲ್ಲಿರಿಸಿ, ಅದು ಅಕ್ಷದ ದಿಕ್ಕಿನಲ್ಲಿ ಕೊನೆಯಿಲ್ಲದೆ ಮುಂದುವರಿಯುವಂತೆ ಭಾವಿಸಿ, ಸುತ್ತಲೂ ನೀರು, ಸರ್ಫ್ಯಾಕ್ಟೆಂಟ್ ಮತ್ತು ಸೋಡಿಯಂ ಅಯಾನುಗಳನ್ನು ತುಂಬಿ, ಸಾಮಾನ್ಯವಾಗಿ 2 ಫೆಮ್ಟೊಸೆಕೆಂಡಿನ (ನ್ಯಾನೊಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವೇ ಫೆಮ್ಟೊಸೆಕೆಂಡು) ಹೆಜ್ಜೆಗಳಲ್ಲಿ ಪರಮಾಣುಗಳ ಚಲನೆಯನ್ನು ಲೆಕ್ಕ ಹಾಕುತ್ತಾರೆ. ಸೋಡಿಯಂ ಡೊಡೆಸೈಲ್ ಸಲ್ಫೇಟ್ ಎಂಬ ಇನ್ನೊಂದು ಸರ್ಫ್ಯಾಕ್ಟೆಂಟ್‌ನ ಉದ್ದನೆಯ ಇಂಗಾಲದ ಬಾಲ ಬಾಗುವಂಥದ್ದು: ಅಣುಗಳು ವಿರಳವಾಗಿದ್ದಾಗ ಅದು ಮೇಲ್ಮೈಗೆ ಒರಗಿ ಮಲಗುತ್ತದೆ, ದಟ್ಟವಾದಂತೆ ಕೆಲವು ಬಾಲಗಳು ಮೇಲ್ಮೈ ಬಿಟ್ಟು ಏಳುತ್ತವೆ. ಕೋಲೇಟ್ ಹಾಗಲ್ಲ. ಅದರದು ಬಿಗಿಯಾದ ಉಂಗುರಗಳ ಚೌಕಟ್ಟು. ಮೂರು ಹೈಡ್ರಾಕ್ಸಿಲ್ ಗುಂಪುಗಳಿರುವ ಮುಖ ನೀರಿನತ್ತ, ಮೀಥೈಲ್ ಗುಂಪುಗಳಿರುವ ಮುಖ ಕೊಳವೆಯತ್ತ ತಿರುಗಿ, ಅಚ್ಚುಕಟ್ಟಾದ ಒಂದೇ ಪದರ ಕೂರುತ್ತದೆ. ವ್ಯಾಸದ ಸಣ್ಣ ವ್ಯತ್ಯಾಸವನ್ನೂ ಸಾಂದ್ರತೆಯ ವ್ಯತ್ಯಾಸವಾಗಿ ತೋರಿಸಲು ಇಂಥ ಏಕರೂಪದ ಪದರವೇ ಹೆಚ್ಚು ಅನುಕೂಲವೆಂದು ನನಗೆ ತೋರುತ್ತದೆ.

ಇಂಥ ಫಲಿತಾಂಶಗಳನ್ನು ಓದುವಾಗ ಎರಡು ವಿಷಯಗಳನ್ನು ಮೊದಲು ಹುಡುಕಬೇಕು. ಸಿಮ್ಯುಲೇಶನ್‌ನ ಅವಧಿ ನೂರಾರು ನ್ಯಾನೊಸೆಕೆಂಡುಗಳಷ್ಟೇ ಆಗಿದ್ದರೆ, ಅಣುಗಳನ್ನು ಆರಂಭದಲ್ಲಿ ಜೋಡಿಸಿದ ರೀತಿಯೇ ಕೊನೆಯವರೆಗೂ ಉಳಿದಿರಬಹುದು. ಹಾಗಾಗಿ ಬೇರೆ ಬೇರೆ ಆರಂಭಗಳಿಂದ ಒಂದೇ ರಚನೆ ಬಂದಿದೆಯೇ ಎಂದು ನೋಡಬೇಕು. ಇನ್ನೊಂದು, ಕೊಳವೆಯೊಳಗೆ ನೀರಿದೆಯೇ ಎಂಬುದು. ತುದಿ ತೆರೆದ ಕೊಳವೆಯೊಳಗೆ ನೀರು ಹೊಕ್ಕರೆ ಒಟ್ಟು ಸಾಂದ್ರತೆ ಏರುತ್ತದೆ, ಮತ್ತು ಒಂದೇ ವ್ಯಾಸದ ಕೊಳವೆಗಳು ನೀರು ತುಂಬಿದವು, ಖಾಲಿ ಇರುವವು ಎಂದು ಸೆಂಟ್ರಿಫ್ಯೂಜ್‌ನಲ್ಲಿ ಎರಡು ಪಟ್ಟಿಗಳಾಗಿ ಒಡೆಯುತ್ತವೆ.