ಕೀಲಿಮಣೆ ವಿನ್ಯಾಸ: ಕಂಪ್ಯೂಟರಿನಲ್ಲೊಂದು, ಫೋನಿನಲ್ಲೊಂದು

ಯಾವ ಕೀಲಿ ಎಲ್ಲಿರಬೇಕು, ಅದನ್ನು ಒತ್ತಿದಾಗ ಯಾವ ಅಕ್ಷರ ಮೂಡಬೇಕು, ಒಂದು ಅಕ್ಷರ ಪೂರ್ಣವಾಗಲು ಕೀಲಿಗಳನ್ನು ಯಾವ ಕ್ರಮದಲ್ಲಿ ಒತ್ತಬೇಕು ಎಂಬುದನ್ನು ಗೊತ್ತುಪಡಿಸುವ ಏರ್ಪಾಡಿಗೆ ಕೀಲಿಮಣೆ ವಿನ್ಯಾಸ ಎಂದು ಹೆಸರು. ಇಂಗ್ಲಿಷ್ ಬರೆಯುವವರು ಈ ಮೂರನೆಯ ಅಂಶದ ಬಗ್ಗೆ ಯೋಚಿಸಬೇಕಾದ ಪ್ರಸಂಗವೇ ಬರುವುದಿಲ್ಲ. ಕಾಗುಣಿತ, ಒತ್ತಕ್ಷರ, ಅರ್ಕಾವೊತ್ತುಗಳಿರುವ ಕನ್ನಡಕ್ಕೆ ಮಾತ್ರ ಒತ್ತುವ ಕ್ರಮವೇ ವಿನ್ಯಾಸದ ಜೀವಾಳ.

ಬೆಂಗಳೂರಿನಲ್ಲಿ ಕೆಲಸ ಹುಡುಕುವವರನ್ನು 'ನುಡಿ ಟೈಪಿಂಗ್ ಬರುತ್ತದೆಯೇ' ಎಂದು ಕೇಳುವುದು ರೂಢಿ. ಈ ಒಂದು ಪ್ರಶ್ನೆಯೊಳಗೆ ಬೇರೆ ಬೇರೆ ಸಂಗತಿಗಳು ಕಲೆತುಹೋಗಿವೆ. ನುಡಿ ಎಂಬುದು ಕನ್ನಡ ಗಣಕ ಪರಿಷತ್ತು ರೂಪಿಸಿದ ತಂತ್ರಾಂಶ. 'ನುಡಿ 01 ಇ' ಎಂಬುದು ಅದರೊಂದಿಗೆ ಬಂದ ಒಂದು ಫಾಂಟ್, ಅಂದರೆ ಅಕ್ಷರಗಳ ಆಕಾರ. ಬೆರಳುಗಳು ಕಲಿತಿರುವುದು ಕನ್ನಡ ತಂತ್ರಾಂಶ ತಜ್ಞ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಕಡತದಲ್ಲಿ ಉಳಿಯುವುದು ಅಕ್ಷರಗಳ ಸಂಕೇತ: ಎಲ್ಲ ಲಿಪಿಗಳಿಗೂ ಸಾಮಾನ್ಯವಾದ ಯೂನಿಕೋಡ್ ಅಥವಾ ಹಳೆಯ ಫಾಂಟಿನದೇ ಆದ ಸಂಕೇತ. ಫಾಂಟ್ ಬದಲಾದರೂ, ಸಂಕೇತ ಬದಲಾದರೂ ವಿನ್ಯಾಸ ಹಾಗೆಯೇ ಇರಬಲ್ಲದು. ಇದನ್ನು ಬಿಡಿಸಿ ಹೇಳುವವರಿಲ್ಲದೆ, ಯೂನಿಕೋಡ್‌ಗೆ ಬದಲಾದರೆ ಟೈಪಿಂಗನ್ನು ಹೊಸದಾಗಿ ಕಲಿಯಬೇಕಾಗುತ್ತದೆ ಎಂದು ಹಿಂಜರಿಯುವವರು ಇಂದಿಗೂ ಇದ್ದಾರೆ. ಆ ಹಿಂಜರಿಕೆಗೆ ಕಾರಣವಿಲ್ಲ.

ನಮ್ಮ ಕಂಪ್ಯೂಟರಿನ ಕೀಲಿಗಳ ಜಾಗ 19ನೆಯ ಶತಮಾನದ ಬೆರಳಚ್ಚು ಯಂತ್ರದಿಂದ ಬಂದದ್ದು. ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಅವರ ಯಂತ್ರ 1874ರಲ್ಲಿ ಮಾರುಕಟ್ಟೆಗೆ ಬಂತು. ಮೇಲಿನ ಸಾಲಿನ ಮೊದಲ ಆರು ಅಕ್ಷರಗಳಿಂದ ಆ ವಿನ್ಯಾಸಕ್ಕೆ ಕ್ವರ್ಟಿ ಎಂಬ ಹೆಸರಾಯಿತು. ಒಂದು ಸಾಲಿನ ಕೀಲಿಗಳು ಇನ್ನೊಂದು ಸಾಲಿನ ಕೀಲಿಗಳಿಗೆ ನೇರವಾಗಿರದೆ ಓರೆಯಾಗಿ ನಿಂತಿರುವುದಕ್ಕೂ ಆ ಯಂತ್ರವೇ ಕಾರಣ, ಏಕೆಂದರೆ ಪ್ರತಿ ಕೀಲಿಯ ಕೆಳಗಿನ ಸನ್ನೆಗೋಲಿಗೆ ಪ್ರತ್ಯೇಕ ಜಾಗ ಬೇಕಿತ್ತು. ಸನ್ನೆಗೋಲುಗಳು ಮರೆಯಾಗಿ ದಶಕಗಳೇ ಕಳೆದಿದ್ದರೂ ಫೋನಿನ ಗಾಜಿನ ಮೇಲೆ ಇಂದಿಗೂ ಎರಡನೆಯ ಸಾಲು ಅರ್ಧ ಕೀಲಿಯಷ್ಟು ಸರಿದೇ ಮೂಡುತ್ತದೆ. 1936ರಲ್ಲಿ ಆಗಸ್ಟ್ ಡ್ವೋರಾಕ್ ಮತ್ತು ಅವರ ಸಂಗಡಿಗರು ಪೇಟೆಂಟ್ ಪಡೆದ ಬೇರೊಂದು ವಿನ್ಯಾಸ, ಸ್ವರಗಳನ್ನೆಲ್ಲ ಎಡಗೈಯ ನಡುಸಾಲಿಗೆ ತಂದು ಬೆರಳುಗಳ ಓಡಾಟವನ್ನು ಕಡಿಮೆ ಮಾಡಲು ಯತ್ನಿಸಿತು. ಆದರೆ ಕ್ವರ್ಟಿಯನ್ನು ಅದಾಗಲೇ ಕಲಿತಿದ್ದವರ ಸಂಖ್ಯೆಯೇ ಅದರ ದಾರಿಗೆ ಅಡ್ಡವಾಯಿತು.

ಕನ್ನಡದ ಬೆರಳಚ್ಚು ಯಂತ್ರ ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸುತ್ತಿತ್ತು. 'ಕರ್ನಾಟಕ' ಎಂಬಲ್ಲಿ ಅರ್ಕಾವೊತ್ತು 'ನಾ' ಆದ ಮೇಲೆ ಕಾಣುವುದರಿಂದ ಅದನ್ನು 'ನಾ' ಒತ್ತಿದ ನಂತರವೇ ಒತ್ತಬೇಕಿತ್ತು. ಈಗಲೂ ಕೆಲವರು ಫೋನಿನಲ್ಲಿ ಕನ್ನಡದ ಒಂಬತ್ತನ್ನೇ ಅರ್ಕಾವೊತ್ತು ಮಾಡಿಕೊಂಡು 'ಕನಾ೯ಟಕ' ಎಂದು ಬರೆಯುವುದುಂಟು. ಕಣ್ಣಿಗೆ ಅದು ಸರಿಯಾಗಿಯೇ ಕಾಣುತ್ತದೆ. ಆದರೆ ಕಂಪ್ಯೂಟರ್ ಅಲ್ಲಿ ರಕಾರವನ್ನೇ ಕಾಣುವುದಿಲ್ಲ, ಆದ್ದರಿಂದ ಹುಡುಕಿದಾಗ ಆ ಪದ ಸಿಗುವುದಿಲ್ಲ, ಗಟ್ಟಿಯಾಗಿ ಓದಿಸಿದರೆ ತಪ್ಪಾಗಿ ಕೇಳಿಸುತ್ತದೆ.

ಉಚ್ಚಾರಣೆಯ ಕ್ರಮವನ್ನು ನೆಚ್ಚಿದ ವಿನ್ಯಾಸಗಳು ಕನ್ನಡದಲ್ಲಿ ಮುಖ್ಯವಾಗಿ ಎರಡು. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸವು ಭಾರತದ ಬ್ರಾಹ್ಮೀ ಮೂಲದ ಲಿಪಿಗಳಿಗೆಲ್ಲ ಒಂದೇ ಆಗಿದ್ದು, ಸ್ವರಗಳನ್ನು ಎಡಗೈಗೂ ವ್ಯಂಜನಗಳನ್ನು ಬಹುಮಟ್ಟಿಗೆ ಬಲಗೈಗೂ ಹಂಚುತ್ತದೆ. ಅಕ್ಷರಗಳಲ್ಲಿ ವ್ಯಂಜನದ ನಂತರ ಸ್ವರ ಬರುವುದರಿಂದ ಎರಡೂ ಕೈಗಳು ಸರದಿಯಂತೆ ದುಡಿಯುತ್ತವೆ. ಇದು ನಿಜಕ್ಕೂ ಒಳ್ಳೆಯ ಆಲೋಚನೆ. ಆದರೂ ನನ್ನ ದೃಷ್ಟಿಯಲ್ಲಿ ಅದು ಕನ್ನಡವನ್ನು ಪೂರ್ತಿಯಾಗಿ ಮನಸ್ಸಿನಲ್ಲಿಟ್ಟುಕೊಂಡ ವಿನ್ಯಾಸವಲ್ಲ: ದೀರ್ಘ ಏತ್ವ, ಓತ್ವಗಳಿಗೆ ಬೆರಳು ತಂಗುವ ನಡುಸಾಲಿನಲ್ಲೇ ಜಾಗ ಸಿಕ್ಕಿದ್ದರೆ, ನಾವು ಸಾಲುಸಾಲಿಗೂ ಬಳಸುವ ಹ್ರಸ್ವ ಎತ್ವ ಕೆಳಸಾಲಿನ ತುದಿಗೂ ಒತ್ವ ಮೇಲಿನ ಎಡ ಮೂಲೆಗೂ ಹೋಗಿವೆ. ಹಿಂದಿ ಬರೆಯುವಾಗ ಈ ಎರಡು ಹ್ರಸ್ವ ಚಿಹ್ನೆಗಳು ಬೇಕಾಗುವುದೇ ಇಲ್ಲ. ಕನ್ನಡದಲ್ಲಿ ಮನೆ, ಕತೆ, ಬೆಳೆ ಎಂದು ಬರೆಯಹೊರಟರೆ ಒಡನೆಯೇ ಬೇಕಾಗುತ್ತವೆ.

ಕೆ. ಪಿ. ರಾವ್ ವಿನ್ಯಾಸ ಬೇರೆ ದಾರಿ ಹಿಡಿಯಿತು. ಕ್ವರ್ಟಿಯನ್ನು ಬಲ್ಲವರಿಗೆ ಸದ್ದಿನ ಹೋಲಿಕೆಯಿಂದಲೇ ಕನ್ನಡದ ಕೀಲಿ ಸಿಗುವಂತೆ, ಕೆ ಕೀಲಿಯಲ್ಲಿ 'ಕ', ಶಿಫ್ಟ್ ಹಿಡಿದು ಒತ್ತಿದರೆ 'ಖ' ಎಂಬಂತೆ ಅಕ್ಷರಗಳನ್ನು ಇರಿಸಲಾಯಿತು. ಟ ಮತ್ತು ಡ ಕಾರಗಳು ಮಾತ್ರ ಕ್ಯೂ ಮತ್ತು ಡಬ್ಲ್ಯೂ ಕೀಲಿಗಳಿಗೆ ಹೋದವು. ವ್ಯಂಜನಗಳನ್ನು ಬೆಸೆಯುವ ಕೆಲಸ ಎಫ್ ಕೀಲಿಯದು. ಆದ್ದರಿಂದ 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿಗಳು ಸಾಕು. ವ್ಯಂಜನದೊಳಗೆ ಅಕಾರ ತಾನಾಗಿಯೇ ಇರುವುದರಿಂದ ಅದಕ್ಕೆ ಬೇರೆ ಕೀಲಿ ಒತ್ತಬೇಕಾಗಿಲ್ಲ. ಇದನ್ನೂ ಲಿಪ್ಯಂತರವನ್ನೂ ಒಂದೇ ಎಂದು ತಿಳಿಯುವವರು ಬಹಳ ಮಂದಿ. ಲಿಪ್ಯಂತರದಲ್ಲಿ ನಾವು ಇಂಗ್ಲಿಷ್ ಅಕ್ಷರಗಳಲ್ಲಿ ಪದವನ್ನು ಬರೆಯುತ್ತೇವೆ, ಯಂತ್ರ ಅದನ್ನು ಕನ್ನಡಕ್ಕೆ ತಿರುಗಿಸುತ್ತದೆ, ಕೆ. ಪಿ. ರಾವ್ ವಿನ್ಯಾಸದಲ್ಲಿ ಒತ್ತಿದ ಪ್ರತಿ ಕೀಲಿಯೂ ಕನ್ನಡದ್ದೇ.

ಇಂಥ ವಿನ್ಯಾಸ ಕಂಪ್ಯೂಟರಿನಿಂದ ಫೋನಿಗೆ ಬಂದಾಗ ಎರಡರ ವ್ಯತ್ಯಾಸ ಎದ್ದು ಕಾಣುತ್ತದೆ. ಕಂಪ್ಯೂಟರಿನಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ ಸುಮಾರು 19 ಮಿಲಿಮೀಟರ್ ಅಂತರವಿರುತ್ತದೆ. ಏಳು ಸೆಂಟಿಮೀಟರ್ ಅಗಲದ ಪರದೆಯಲ್ಲಿ ಹತ್ತು ಕೀಲಿಗಳ ಸಾಲು ಬಂದರೆ ಒಂದೊಂದಕ್ಕೆ ಸಿಗುವುದು ಏಳು ಮಿಲಿಮೀಟರ್ ಮಾತ್ರ. ಹತ್ತು ಬೆರಳಿನ ಕೆಲಸ ಎರಡು ಹೆಬ್ಬೆರಳಿಗೆ ಇಳಿಯುತ್ತದೆ. ಕಂಪ್ಯೂಟರಿನಲ್ಲಿ ಒಂದು ಕೈ ಶಿಫ್ಟ್ ಹಿಡಿದಿರುವಾಗಲೇ ಇನ್ನೊಂದು ಕೈ ಅಕ್ಷರ ಒತ್ತುತ್ತದೆ. ಫೋನಿನಲ್ಲಾದರೆ ಶಿಫ್ಟ್ ಎಂಬುದು ಪ್ರತ್ಯೇಕವಾದ ಇನ್ನೊಂದು ಒತ್ತು. ಮಹಾಪ್ರಾಣ ಮತ್ತು ದೀರ್ಘ ಸ್ವರಗಳಿಗೆ ಶಿಫ್ಟನ್ನೇ ನೆಚ್ಚಿರುವ ವಿನ್ಯಾಸಕ್ಕೆ ಇದರಿಂದ ಹೊರೆಯಾಗುವುದು ಸಹಜ. ಆದ್ದರಿಂದಲೇ ಫೋನಿನ ಕನ್ನಡ ಕೀಲಿಮಣೆಗಳಲ್ಲಿ ಒಂದು ಅಕ್ಷರವನ್ನು ಒತ್ತಿಹಿಡಿದರೆ ಇನ್ನೊಂದು ಬರುವುದು, ವ್ಯಂಜನ ಒತ್ತಿದೊಡನೆ ಸ್ವರಗಳ ಜಾಗದಲ್ಲಿ ಕಾಗುಣಿತ ಕಾಣುವುದು ಮುಂತಾದ ಅನುಕೂಲಗಳು ಬಂದವು.

ಅಂಕಿಗಳ ಸ್ಥಾನವೂ ಎರಡು ಕಡೆ ಒಂದೇ ಆಗಿಲ್ಲ. ಕಂಪ್ಯೂಟರಿನ ಬಲಬದಿಯ ಅಂಕಿಮಣೆಯಲ್ಲಿ 7, 8, 9 ಮೇಲಿರುತ್ತವೆ, ಅದು ಕೂಡುವ ಯಂತ್ರಗಳಿಂದ ಬಂದ ಪದ್ಧತಿ. ಫೋನಿನಲ್ಲಿ 1, 2, 3 ಮೇಲಿರುವುದಕ್ಕೆ ಅಮೆರಿಕದ ಬೆಲ್ ಪ್ರಯೋಗಾಲಯ ಹಲವು ಜೋಡಣೆಗಳನ್ನು ಪರೀಕ್ಷಿಸಿ 1960ರಲ್ಲಿ ಪ್ರಕಟಿಸಿದ ಅಧ್ಯಯನ ಹಿನ್ನೆಲೆಯಾಯಿತು.

ಫೋನಿನಲ್ಲಿ ಹೆಚ್ಚು ಸುಲಭವೆನಿಸುವುದು ಲಿಪ್ಯಂತರವೇ, ಏಕೆಂದರೆ ಅಲ್ಲಿ ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಆದರೆ ಬಿ, ಇ, ಎಲ್, ಇ ಎಂದು ಒತ್ತಿದಾಗ ಬರೆಯುವವರ ಮನಸ್ಸಿನಲ್ಲಿದ್ದದ್ದು ಬೆಲೆಯೋ, ಬೆಳೆಯೋ, ಬೇಳೆಯೋ ಎಂಬುದು ಯಂತ್ರಕ್ಕೆ ತಿಳಿಯದು; ಅದು ಊಹಿಸಿ ಒಂದನ್ನು ಮುಂದಿಡುತ್ತದೆ, ನಾವು ಆರಿಸಿಕೊಳ್ಳುತ್ತೇವೆ. ಹೆಚ್ಚು ಬಳಕೆಯಲ್ಲಿರುವ ಪದ ಮೊದಲು ಬರುತ್ತದೆ, ಊರಿನ ಹೆಸರು, ಕಸುಬಿನ ಮಾತು, ಹಳ್ಳಿಯ ನುಡಿ ಹಿಂದೆ ಉಳಿಯುತ್ತವೆ ಅಥವಾ ಬರುವುದೇ ಇಲ್ಲ. ಕೆ. ಪಿ. ರಾವ್ ವಿನ್ಯಾಸದಲ್ಲಿ ಅದೇ ಮೂರು ಪದಗಳು ಕೇವಲ ಶಿಫ್ಟ್‌ನಿಂದ ಬೇರೆಯಾಗುತ್ತವೆ: ಎಲ್ ಜೊತೆ ಶಿಫ್ಟ್ ಹಿಡಿದರೆ ಳಕಾರ, ಮೊದಲ ಇ ಜೊತೆಗೂ ಹಿಡಿದರೆ ದೀರ್ಘ. ನಿರ್ಧಾರ ಬರೆಯುವವರ ಕೈಯಲ್ಲೇ ಇರುತ್ತದೆ. ನಾಲ್ಕು ಸಾಲಿನ ಸಂದೇಶಕ್ಕೆ ಲಿಪ್ಯಂತರ ಸಾಕಾದೀತು. ಲೇಖನ, ಅರ್ಜಿ, ದಾಖಲೆಗಳನ್ನು ಬರೆಯುವವರು ಊಹೆಯನ್ನು ನೆಚ್ಚಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಂಪ್ಯೂಟರಿಗೊಂದು, ಫೋನಿಗೊಂದು ವಿನ್ಯಾಸವಾಗಿರುವುದರ ಪರಿಣಾಮ ಬೆಂಗಳೂರಿನಲ್ಲಿ ಕಣ್ಣೆದುರಿಗೇ ಇದೆ. ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ಸರಾಗವಾಗಿ ಕನ್ನಡ ಬರೆಯುವ ತರುಣರು ಕಚೇರಿಯ ಕಂಪ್ಯೂಟರಿನ ಮುಂದೆ ಇಂಗ್ಲಿಷಿಗೆ ಹೊರಳುತ್ತಾರೆ. ಬಳೇಪೇಟೆಯ ಲಗ್ನಪತ್ರಿಕೆ ಅಂಗಡಿಗಳಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಸಿದ್ಧಪಡಿಸುವ ಕೆಲಸ, ಮಾಡುವವರು ಕೀಲಿಗಳನ್ನು ನೋಡದೆಯೇ ಕನ್ನಡ ಮೂಡಿಸಿದರೂ ತಮ್ಮ ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಬೇಕಾಗುತ್ತದೆ. ಎರಡೂ ಕಡೆ ಒಂದೇ ವಿನ್ಯಾಸವಿದ್ದರೆ ಒಮ್ಮೆ ಕಲಿತದ್ದು ಎಲ್ಲ ಕಡೆಗೂ ಒದಗುತ್ತದೆ, ಮತ್ತು ಅದಕ್ಕೆ ಬೇಕಾದ ಸಲಕರಣೆ ಈಗಾಗಲೇ ಇದೆ. ನುಡಿಯ ಹೊಸ ಆವೃತ್ತಿಗಳು ಯೂನಿಕೋಡಿನಲ್ಲಿ ಬರೆಯುತ್ತವೆ, ಆಂಡ್ರಾಯ್ಡ್ ಫೋನುಗಳಿಗೆ ಕೆ. ಪಿ. ರಾವ್ ವಿನ್ಯಾಸದ ಆ್ಯಪ್‌ಗಳು ಸಿಗುತ್ತವೆ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳಿಂದ 'ಕಗಪ' ಎಂಬ ಹೆಸರು ಹೊತ್ತ ಈ ವಿನ್ಯಾಸ ಅದರೊಳಗೇ ಅಳವಟ್ಟಿದ್ದು, ಅದೇ ಹೆಸರಿನಲ್ಲಿ ತೆಲುಗು, ಮರಾಠಿ, ಹಿಂದಿ, ಸಂಸ್ಕೃತಗಳಿಗೂ ಅದರ ರೂಪಗಳಿವೆ.