ರತ್ನಗಿರಿ ಬೋರೆ ಸುತ್ತಿದ್ರೆ ಕರುಳಲ್ಲಿ ಏನಾಗತ್ತೆ?

ಚಿಕ್ಕಮಗಳೂರಲ್ಲಿ ಬೆಳಗ್ಗೆ ರತ್ನಗಿರಿ ಬೋರೆ ಕಡೆ ವಾಕಿಂಗ್ ಬರೋರಲ್ಲಿ ಸುಮಾರು ಜನ ತೂಕ ಇಳಿಸೋಕೆ ಅಂತಲೇ ಬರ್ತಾರೆ, ಒಂದೆರಡು ತಿಂಗಳು ನೋಡ್ತಾರೆ, ಮುಳ್ಳು ಅಲ್ಲಾಡ್ಲಿಲ್ಲ ಅಂದ್ರೆ ಬಿಟ್ಟೇಬಿಡ್ತಾರೆ. ನಡೆದು ವಾಪಸ್ ಬರ್ತಾ ಹೋಟ್ಲಲ್ಲಿ ಬೆಣ್ಣೆ ದೋಸೆ ಹೊಡೆದ್ರೆ ತೂಕ ಎಲ್ಲಿಂದ ಇಳೀಬೇಕು ಅನ್ನೋದು ಬೇರೆ ಮಾತು. ಆದ್ರೆ ತೂಕ ಇಳೀದೇ ಇದ್ರೂ ಮೈಯೊಳಗೆ ಒಂದು ಕೆಲ್ಸ ಆಗ್ತಾ ಇರತ್ತೆ, ಉರಿಯೂತ ತಗ್ಗಿಸೋ ಕೆಲ್ಸ, ಅದು ತಕ್ಕಡೀಲಿ ಕಾಣಲ್ಲ ಅಷ್ಟೇ.

ತೋಟದಲ್ಲಿ ಕಂಬಳಿಹುಳ ತಾಗಿ ಕೈ ಕೆಂಪಗಾಗಿ ಊದ್ಕೊಳ್ಳತ್ತಲ್ಲ, ಅದೂ ಉರಿಯೂತನೇ, ಬಂದ ಕೆಲ್ಸ ಮುಗಿಸಿ ಹೋಗತ್ತೆ. ಹೋಗದೇ ಕೂತಿರೋ ಸಣ್ಣ ಉರಿಯೂತ ಕಷ್ಟ. ಜ್ವರ ಇಲ್ಲ, ಊತ ಇಲ್ಲ, ನೋವೂ ಇಲ್ಲ, ಆದ್ರೆ ರಕ್ತದಲ್ಲಿ ಸಿಆರ್‌ಪಿ, ಟಿಎನ್‌ಎಫ್ ಅನ್ನೋ ಉರಿಯೂತದ ಪ್ರೋಟೀನುಗಳು ವರ್ಷಗಟ್ಟಲೆ ಸ್ವಲ್ಪ ಜಾಸ್ತಿನೇ ಇರ್ತವೆ. ಹೊಟ್ಟೆ ಬೊಜ್ಜು ಇದಕ್ಕೆ ಕುಮ್ಮಕ್ಕು ಕೊಡತ್ತೆ. ಶುಗರ್ರು, ಹಾರ್ಟ್ ತೊಂದ್ರೆ ಎರಡಕ್ಕೂ ಇದರ ನಂಟಿದೆ.

ಈ ಗುಂಪಲ್ಲಿ ಐಎಲ್-6 ಅಂತ ಇನ್ನೊಬ್ಬ ಇದ್ದಾನೆ, ಇವನ ಕತೆನೇ ಮಜವಾಗಿರೋದು. ಮೊದಲಿಂದ ಇವನನ್ನ ಉರಿಯೂತದ ಪಾರ್ಟಿ ಅಂತಲೇ ಲೆಕ್ಕ ಹಾಕಿದ್ರು. ಆಮೇಲೆ ನೋಡಿದ್ರೆ ಮ್ಯಾರಥಾನ್ ಓಡಿದವರ ರಕ್ತದಲ್ಲಿ ಐಎಲ್-6 ನೂರು ಪಟ್ಟು ತನಕ ಏರಿರತ್ತೆ! ಮಾಂಸಖಂಡ ಪೆಟ್ಟಾಗಿ ಹಿಂಗಾಗಿರ್ಬೇಕು ಅಂದ್ಕೊಂಡ್ರು, ಆದ್ರೆ ಡೆನ್ಮಾರ್ಕಿನ ಕೋಪನ್‌ಹೇಗನ್ನಲ್ಲಿ ಬೆಂಟೆ ಪೆಡರ್ಸನ್ ಅನ್ನೋ ವಿಜ್ಞಾನಿಯ ತಂಡ ತೋರಿಸಿದ್ದು ಏನಂದ್ರೆ, ಪೆಟ್ಟಾಗ್ಬೇಕು ಅಂತೇನಿಲ್ಲ, ಕೆಲ್ಸ ಮಾಡ್ತಾ ಇರೋ ಮಾಂಸಖಂಡ ತಾನೇ ಇದನ್ನ ರಕ್ತಕ್ಕೆ ಬಿಡತ್ತೆ, ಹಂಗೆ ಬಿಟ್ಟ ಐಎಲ್-6 ಹಿಂದೇನೇ ಐಎಲ್-10 ಥರದ ಉರಿಯೂತ ಆರಿಸೋ ವಸ್ತುಗಳು ಏರ್ತವೆ, ಟಿಎನ್‌ಎಫ್ ಬಾಯಿ ಮುಚ್ಕೊಳ್ಳತ್ತೆ. ಬೊಜ್ಜಿಂದ ಬರೋ ಐಎಲ್-6 ದಿನವಿಡೀ ಜಿನುಗ್ತಾ ಇರತ್ತೆ, ಮಾಂಸಖಂಡದ್ದು ಸರ್ರನೆ ಏರಿ ಕೆಲವು ಗಂಟೆಯಲ್ಲಿ ಇಳಿಯತ್ತೆ. ವಸ್ತು ಒಂದೇ, ಮಾಡೋ ಕೆಲ್ಸ ಉಲ್ಟಾ.

2003ರಲ್ಲಿ ಅದೇ ಊರಲ್ಲಿ ಒಂದು ಧೈರ್ಯದ ಪ್ರಯೋಗ ನಡೀತು. ಆರೋಗ್ಯವಾಗಿದ್ದ ಎಂಟು ಗಂಡಸರಿಗೆ ಇ. ಕೋಲಿ ಬ್ಯಾಕ್ಟೀರಿಯಾದ ಗೋಡೆಯ ವಿಷ, ಎಂಡೋಟಾಕ್ಸಿನ್ ಅಂತಾರೆ, ಅದನ್ನ ಸ್ವಲ್ಪ ಇಂಜೆಕ್ಷನ್ ಕೊಟ್ರು. ಸುಮ್ನೆ ಕೂತಿದ್ದ ದಿನ ಟಿಎನ್‌ಎಫ್ ಎರಡು ಮೂರು ಪಟ್ಟು ಏರ್ತು. ಮೂರು ಗಂಟೆ ಸೈಕಲ್ ತುಳಿದ ದಿನ ಏರ್ಲೇ ಇಲ್ಲ. ಸೈಕಲ್ ಬಿಟ್ಟು ಬರೀ ಐಎಲ್-6 ಡ್ರಿಪ್ ಹಾಕಿದಾಗ್ಲೂ ಏರ್ಲಿಲ್ಲ, ನನಗಂತೂ ಇಡೀ ವಿಷಯದಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಕಾಣಲ್ಲ. ಮೂರು ಗಂಟೆ ಯಾರಪ್ಪ ತುಳೀತಾರೆ ಅಂದ್ರೆ, 2017ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ 47 ಜನರನ್ನ ಟ್ರೆಡ್‌ಮಿಲ್ ಮೇಲೆ 20 ನಿಮಿಷ ನಡೆಸಿದ್ದಕ್ಕೇ ಟಿಎನ್‌ಎಫ್ ತಯಾರಿಸೋ ರಕ್ತಕಣಗಳು ಸುಮಾರು 5% ಕಮ್ಮಿ ಆದ್ವು. ಚಿಕ್ಕ ನಂಬರ್ರೇ, ಆದ್ರೆ 20 ನಿಮಿಷಕ್ಕೆ.

ಈಗ ಕರುಳಿಗೆ ಬರೋಣ, ಯಾಕಂದ್ರೆ ಆ ಎಂಡೋಟಾಕ್ಸಿನ್ ಮೈಗೆ ಸೇರೋಕೆ ಸೂಜೀನೇ ಬೇಕಿಲ್ಲ. ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇದಾವೆ, ಹೆಚ್ಚಿನವು ದೊಡ್ಡ ಕರುಳಲ್ಲೇ, ಅವುಗಳಿಗೂ ರಕ್ತಕ್ಕೂ ನಡುವೆ ಇರೋದು ಒಂದೇ ಒಂದು ಜೀವಕೋಶದಷ್ಟು ದಪ್ಪದ ಒಳಪದರ, ಅದರ ಮೇಲೊಂದಿಷ್ಟು ಲೋಳೆ. ತೋಟದ ಐಬೆಕ್ಸ್ ಬೇಲಿ ಇದ್ದಂಗೆ, ಕರೆಂಟ್ ಇರೋ ತನಕ ಆನೆ ಆಚೆ ನಾವು ಈಚೆ, ಬ್ಯಾಟರಿ ಇಳೀತೋ ರಾತ್ರಿನೇ ಒಳಗೆ. ಈ ಬೇಲಿಗೆ ಕರೆಂಟ್ ಕೊಡೋದು ಬ್ಯುಟಿರೇಟ್ ಅನ್ನೋ ವಸ್ತು. ನಮಗೆ ಜೀರ್ಣ ಆಗದ ನಾರನ್ನ ಕೆಲವು ಬ್ಯಾಕ್ಟೀರಿಯಾ ಹುಳಿಸಿ ಇದನ್ನ ಮಾಡ್ತವೆ, ದೊಡ್ಡ ಕರುಳಿನ ಪದರದ ಕೋಶಗಳು ತಮಗೆ ಬೇಕಾದ ಶಕ್ತಿಯ ಬಹುಪಾಲನ್ನ ಇದರಿಂದಲೇ ತಗೊಳ್ತವೆ, ಕೋಶ ಕೋಶದ ನಡುವಿನ ಬಿಗಿ ಉಳಿಯತ್ತೆ, ಅಲ್ಲೇ ಕಾವಲಿರೋ ರೋಗನಿರೋಧಕ ಕಣಗಳೂ ಸುಮ್ಸುಮ್ನೆ ಕೆರಳಲ್ಲ.

ವ್ಯಾಯಾಮಕ್ಕೂ ಇದಕ್ಕೂ ಏನ್ ಸಂಬಂಧ? ಅಮೆರಿಕದ ಇಲಿನಾಯ್ ಯೂನಿವರ್ಸಿಟಿಯವರು 2018ರಲ್ಲಿ, ವ್ಯಾಯಾಮನೇ ಮಾಡದ 32 ಜನರನ್ನ ಊಟ ಬದಲಾಯಿಸದೇ ಆರು ವಾರ, ವಾರಕ್ಕೆ ಮೂರು ದಿನ ಓಡಿಸಿ ಸೈಕಲ್ ತುಳಿಸಿದ್ರು. ಬ್ಯುಟಿರೇಟ್ ಮಾಡೋ ಬ್ಯಾಕ್ಟೀರಿಯಾ ಹೆಚ್ಚಾದ್ವು, ಬ್ಯುಟಿರೇಟೂ ಏರ್ತು, ದಪ್ಪ ಇದ್ದವರಿಗಿಂತ ತೆಳ್ಳಗಿದ್ದವರಲ್ಲಿ ಜಾಸ್ತಿ. ಆಮೇಲೆ ಆರು ವಾರ ಸುಮ್ನೆ ಕೂರಿಸಿದ್ರು ನೋಡಿ, ಹೆಚ್ಚುಕಮ್ಮಿ ಎಲ್ಲಾ ಮೊದಲಿನ ಹಾಗೇ ಆಯ್ತು! ಮಳೆಗಾಲ ಪೂರ್ತಿ ವಾಕಿಂಗ್ ಬಿಡೋ ನಮ್ಮೂರಿನವರು ಇದನ್ನ ಒಂಚೂರು ಗಮನಿಸ್ಬೇಕು, ಹೋದ್ವರ್ಷ ನಡೆದಿದ್ದನ್ನ ಬ್ಯಾಕ್ಟೀರಿಯಾ ಬಾಕಿ ಇಟ್ಕೊಂಡು ಕೂತಿರಲ್ಲ.

ಊಟದಲ್ಲಿ ನಾರೇ ಇಲ್ದಿದ್ರೆ ಅವು ಹುಳಿಸೋದಾದ್ರೂ ಏನನ್ನ? ಹುರುಳಿಕಾಳು, ಅವರೆಕಾಳು, ರಾಗಿ, ಸೊಪ್ಪು ಇದಾವಲ್ಲ, ಬೆಳಗ್ಗೆಗೆ ಉಳಿದ ತಂಗಳನ್ನವೂ ಪರವಾಗಿಲ್ಲ, ಅನ್ನ ಆರಿದ್ಮೇಲೆ ಅದರ ಪಿಷ್ಟದಲ್ಲಿ ಸ್ವಲ್ಪ ಭಾಗ ನಮಗೆ ಜೀರ್ಣ ಆಗದೇ ಬ್ಯಾಕ್ಟೀರಿಯಾ ಪಾಲಾಗತ್ತೆ. 2021ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹತ್ತು ವಾರ ಮೊಸರು, ಕಿಮ್ಚಿ ಥರದ ಹುಳಿ ಬಂದ ಪದಾರ್ಥ ಚೆನ್ನಾಗಿ ತಿಂದವರ ರಕ್ತದಲ್ಲಿ ಉರಿಯೂತದ 19 ಪ್ರೋಟೀನು ಇಳಿದ್ವು. ದೋಸೆ ಹಿಟ್ಟೂ ಹುಳಿ ಬಂದಿರತ್ತೆ ಅಂತ ಸಮಾಧಾನ ಮಾಡ್ಕೋಬೇಡಿ, ಕಾವಲಿ ಮೇಲೆ ಬ್ಯಾಕ್ಟೀರಿಯಾ ಸತ್ತೋಗ್ತವೆ. ಇನ್ನು ಓಟಗಾರರ ಕರುಳಿನ ಬ್ಯಾಕ್ಟೀರಿಯಾ ತುಂಬಿ ಮಾರೋ ಕ್ಯಾಪ್ಸೂಲ್ ವಿಷಯ: ಬಾಸ್ಟನ್ ಮ್ಯಾರಥಾನ್ ಓಟಗಾರರೊಬ್ಬರಲ್ಲಿ ಸಿಕ್ಕ ವೀಲೋನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಕೊಟ್ಟ ಇಲಿಗಳು 13% ಜಾಸ್ತಿ ಹೊತ್ತು ಓಡಿದ್ದು ನಿಜ, 2019ರ ಸುದ್ದಿ ಅದು, ಆದ್ರೆ ಓಡಿದ್ದು ಇಲಿ. ದುಡ್ಡು ಉಳಿಸ್ಕೊಳ್ಳಿ.

ಇನ್ನೊಂದು. ವರ್ಷವಿಡೀ ಬೈಕಲ್ಲೇ ಓಡಾಡಿ ದೀಪಾವಳಿಗೆ ಒಂದೇ ಸಲ ದೇವೀರಮ್ಮನ ಬೆಟ್ಟ ಹತ್ತೋರಿದಾರೆ, ಭಕ್ತಿ ಬೇರೆ, ಕರುಳಿನ ಲೆಕ್ಕ ಬೇರೆ. ಅಭ್ಯಾಸ ಇಲ್ಲದ ಮೈಯಲ್ಲಿ ಗಂಟೆಗಟ್ಟಲೆ ದಮ್ಮು ಕಟ್ಟಿ ಹತ್ತುವಾಗ ರಕ್ತ ಎಲ್ಲಾ ಕಾಲಿಗೆ, ಚರ್ಮಕ್ಕೆ ಹೋಗತ್ತೆ, ಕರುಳಿಗೆ ಹೋಗೋ ರಕ್ತ ವಿಪರೀತ ಕಮ್ಮಿ ಆಗಿ ಒಳಪದರ ಸಡಿಲ ಆಗತ್ತೆ, ಹೊಟ್ಟೆ ನುಲಿಯೋದು, ಭೇದಿ ಇದರಿಂದಲೂ ಆಗ್ಬಹುದು. ಕಾಲು ನೋಯತ್ತೆ ಅಂತ ಮುಂಚೆನೇ ಐಬುಪ್ರೊಫೆನ್ ಮಾತ್ರೆ ನುಂಗೋದು ಇನ್ನೂ ಕೆಟ್ಟದ್ದು, ಸೈಕಲ್ ತುಳಿಯೋರ ಮೇಲೆ ನೆದರ್ಲ್ಯಾಂಡ್ಸಲ್ಲಿ ಮಾಡಿದ ಪರೀಕ್ಷೆಯಲ್ಲಿ ವ್ಯಾಯಾಮದ ಜೊತೆ ಈ ಮಾತ್ರೆ ಸೇರಿದಾಗ ಕರುಳಿಗೆ ಹಾನಿ ಜಾಸ್ತಿ ಆಗಿದ್ದು 2012ರಲ್ಲೇ ಗೊತ್ತಾಗಿದೆ. ಮತ್ತೆ ಬೆಟ್ಟ ಇಳಿದ ಮಾರನೇ ದಿನ ಲ್ಯಾಬಿಗೆ ಹೋಗಿ ಸಿಆರ್‌ಪಿ ಮಾಡಿಸ್ಬೇಡಿ, ಮೈ ನೋವಿನ ಜೊತೆ ಅದೂ ಏರಿರತ್ತೆ, ಸುಮ್ನೆ ಹೆದರ್ಕೊಂಡು ಹಾರ್ಟ್ ಡಾಕ್ಟ್ರ ಹತ್ರ ಓಡ್ತೀರ, ಒಂದು ವಾರ ಬಿಟ್ಟು ಮಾಡ್ಸಿ.